51ರಿಂದ 61ಕ್ಕೆ: ಐವತ್ತೆರಡು ವಾರಗಳ ವ್ಯಾಯಾಮದ ದಾಖಲೆ

ಮೈಸೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಮಕ್ಕಳಿಂದ ರೆಕಾರ್ಡ್ ಪುಸ್ತಕ ಬರೆಸುವ ವೃತ್ತಿಯವನಾದ್ದರಿಂದ, ಕಳೆದ ಒಂದು ವರ್ಷ ನನ್ನ ದೇಹದ ಮೇಲೆ ನಡೆಸಿದ ಪ್ರಯತ್ನವನ್ನೂ ಅದೇ ಶಿಸ್ತಿನಲ್ಲಿ ಬರೆದಿಟ್ಟಿದ್ದೇನೆ: ದಿನಾಂಕ, ತೂಕ, ಎತ್ತಿದ ಭಾರ, ತಿಂದ ಊಟ, ನಿದ್ದೆಯ ಗಂಟೆಗಳು, ಕೊನೆಯಲ್ಲಿ ಆ ದಿನದ ಮನಸ್ಥಿತಿಯ ಬಗ್ಗೆ ಒಂದೆರಡು ಸಾಲು. ತೂಕ ಇಳಿಸುವವರಿಗೆ ಸಲಹೆ ಎಲ್ಲೆಡೆ ಸಿಗುತ್ತದೆ. ತೀರ ತೆಳ್ಳಗಿದ್ದು, ಆ ಕಾರಣಕ್ಕೇ ಜನರೆದುರು ನಿಲ್ಲಲು ಹಿಂಜರಿಯುವವರಿಗೆ ಹೇಳಿದ ಮಾತು ನನ್ನ ಕಣ್ಣಿಗೆ ಬಿದ್ದದ್ದು ಬಹಳ ಕಡಿಮೆ. ಅಂಥವರಿಗೆ ಉಪಯೋಗವಾದೀತೆಂಬ ಆಸೆಯಿಂದ ಆ ಪುಟಗಳಲ್ಲಿ ಮುಖ್ಯವೆನಿಸಿದ್ದನ್ನು ಇಲ್ಲಿ ಕೊಡುತ್ತಿದ್ದೇನೆ.

ಆರಂಭಕ್ಕೆ ಮುಂಚೆ

ವಯಸ್ಸು 34, ಎತ್ತರ 172 ಸೆಂಟಿಮೀಟರ್, ತೂಕ 51.2 ಕಿಲೋ. ದೇಹತೂಕ ಸೂಚ್ಯಂಕ 17.3; ಅದು 18.5ಕ್ಕಿಂತ ಕಡಿಮೆಯಿದ್ದರೆ ಕಡಿಮೆ ತೂಕವೆಂದೇ ಲೆಕ್ಕ. ತೋಳಿನ ಸುತ್ತಳತೆ 25 ಸೆಂಟಿಮೀಟರ್.

ಪ್ರೌಢಶಾಲೆಯಲ್ಲಿ ನನಗೆ ‘ಕಡ್ಡಿ ಪೈಲ್ವಾನ’ ಎಂದು ಹೆಸರಿತ್ತು. ಅದು ಅಲ್ಲಿಗೇ ಮುಗಿದಿದ್ದರೆ ಮರೆಯುತ್ತಿದ್ದೆನೇನೋ. ಮೇಷ್ಟರಾದ ಮೇಲೆಯೂ ಕಾಲೇಜಿನ ಪಡಸಾಲೆಯಲ್ಲಿ ಅದೇ ಮಾತು ಒಮ್ಮೆ ಕಿವಿಗೆ ಬಿತ್ತು. ಬಿರುಬೇಸಿಗೆಯಲ್ಲೂ ನಾನು ತುಂಬುತೋಳಿನ ಅಂಗಿಯೊಳಗೆ ದಪ್ಪ ಬನಿಯನ್ ಹಾಕುತ್ತಿದ್ದೆ. ಎಂಬತ್ತು ಮಕ್ಕಳ ಎದುರು ಪಾಠ ಮಾಡುವಾಗ ಹೆಚ್ಚು ಹೊತ್ತು ಬೋರ್ಡಿನ ಕಡೆಗೇ ಮುಖ ಮಾಡಿರುತ್ತಿದ್ದೆ, ಧ್ವನಿ ಹಿಂದಿನ ಬೆಂಚಿಗೆ ತಲುಪುತ್ತಿರಲಿಲ್ಲ. ಪ್ರಶ್ನೆ ಕೇಳಲು ಯಾರಾದರೂ ಕೈ ಎತ್ತಿದರೆ, ಉತ್ತರ ಗೊತ್ತಿದ್ದಾಗಲೂ ನನ್ನ ಹೊಟ್ಟೆಯಲ್ಲಿ ಒಂದು ಹಿಡಿತ ಬರುತ್ತಿತ್ತು.

ಮೊದಲು ವೈದ್ಯರನ್ನು ಕಂಡೆ. ಥೈರಾಯ್ಡ್, ಸಕ್ಕರೆ ಅಂಶ ಮತ್ತು ಹಿಮೋಗ್ಲೋಬಿನ್ ಪರೀಕ್ಷೆಗಳಲ್ಲಿ ದೋಷ ಕಾಣಲಿಲ್ಲ. ತೂಕ ಹೆಚ್ಚದಿರುವುದಕ್ಕೆ ಕಾಯಿಲೆಯೂ ಕಾರಣವಾಗಿರಬಹುದು; ಆದ್ದರಿಂದ ಈ ಹೆಜ್ಜೆಯನ್ನು ಯಾರೂ ಬಿಡಬಾರದೆಂದು ನನ್ನ ಒತ್ತಾಯ.

ವಾರ 1

ನಾನು ಮೊದಲು ಸೇರಿದ್ದ ಜಿಮ್‌ನಲ್ಲಿ ವ್ಯಾಯಾಮ ಹೇಳಿಕೊಡುವ ಮೊದಲೇ ಪ್ರೋಟೀನ್ ಪುಡಿಯ ಎರಡು ಡಬ್ಬ ಕೊಳ್ಳುವಂತೆ ಒತ್ತಾಯಿಸಿದರು. ನಾಲ್ಕೇ ದಿನಕ್ಕೆ ಅದನ್ನು ಬಿಟ್ಟೆ. ಎರಡನೆಯದು ಮನೆಯ ಹತ್ತಿರದ ಸಣ್ಣ ಜಿಮ್. ಅಲ್ಲಿನ ತರಬೇತುದಾರರು ಗರಡಿಮನೆಯಲ್ಲಿ ಸಾಮು ಮಾಡಿ ಬೆಳೆದವರು. ದಂಡೆ, ಬಸ್ಕಿ, ಗದೆಗಳ ಅಭ್ಯಾಸದಿಂದ ಬಾರ್‌ಬೆಲ್ಲಿಗೆ, ಅಂದರೆ ಎರಡೂ ತುದಿಗೆ ತೂಕದ ಪ್ಲೇಟು ಹಾಕುವ ಕಬ್ಬಿಣದ ಸರಳಿಗೆ, ಬಂದವರು. ಅವರಿಗೆ ಈ ಎರಡರ ನಡುವೆ ಗೋಡೆಯಿಲ್ಲ. ಕಳೆದ ಶತಮಾನದ ಪೂರ್ವಾರ್ಧದಲ್ಲಿ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ, ಕನ್ನಡದ ಕಾದಂಬರಿಕಾರರೂ ಆಗಿದ್ದ ಕೆ.ವಿ. ಅಯ್ಯರ್ ಅವರು ಸೂರ್ಯನಮಸ್ಕಾರವನ್ನೂ ಬಾರ್‌ಬೆಲ್ಲನ್ನೂ ಒಟ್ಟಿಗೆ ಕಲಿಸುತ್ತಿದ್ದರೆಂಬುದನ್ನು ನೆನೆದಾಗ, ನಮ್ಮ ಸೀಮೆಗೆ ಇದು ಹೊಸ ದಾರಿಯೇನಲ್ಲ ಎನಿಸಿ ಧೈರ್ಯ ಬಂತು.

ವಾರಕ್ಕೆ ಮೂರು ದಿನ, ಬೆಳಿಗ್ಗೆ ಆರಕ್ಕೆ. ಸ್ಕ್ವಾಟ್ (ಬಾರ್ ಹೆಗಲ ಮೇಲೆ ಹೊತ್ತು ಕುಳಿತೇಳುವುದು), ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವುದು), ಓವರ್‌ಹೆಡ್ ಪ್ರೆಸ್ (ನಿಂತು ತಲೆಯ ಮೇಲಕ್ಕೆ ಎತ್ತುವುದು), ಡೆಡ್‌ಲಿಫ್ಟ್ (ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದು) ಮತ್ತು ರೋಯಿಂಗ್ (ಬಾಗಿ ಭಾರವನ್ನು ಹೊಟ್ಟೆಯ ಕಡೆಗೆ ಎಳೆಯುವುದು); ಇವಿಷ್ಟೇ. ಸ್ಕ್ವಾಟ್‌ಗೆ ಪ್ಲೇಟುಗಳೇ ಇಲ್ಲದ 20 ಕಿಲೋ ಬಾರ್, ಐದೈದು ಬಾರಿಯಂತೆ ಮೂರು ಸೆಟ್ (ಸುತ್ತು). ವಾರಕ್ಕೆ 2.5 ಕಿಲೋ ಮಾತ್ರ ಹೆಚ್ಚಿಸಬೇಕೆಂದು ನಿಯಮ. ಪಕ್ಕದವರು ನೂರು ಕಿಲೋ ಎತ್ತುವಾಗ ಬರಿಯ ಬಾರ್ ಹೊತ್ತು ಕುಳಿತೇಳುವುದು ನನಗೆ ಕಷ್ಟವೆನಿಸಿತು. ಕಷ್ಟವಾದದ್ದು ಕಾಲುಗಳಿಗಲ್ಲ.

ವಾರ 4

ಊಟದ ಲೆಕ್ಕ ಹಾಕಿದೆ. ಇಷ್ಟು ದಿನ ನನಗೆ ಸಿಗುತ್ತಿದ್ದ ಪ್ರೋಟೀನ್ ದಿನಕ್ಕೆ ಸುಮಾರು 40 ಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ, ಆ ಪ್ರಕಾರ ನನ್ನದು ಅಂಚಿನಲ್ಲಿದೆ. ಆದರೆ ಭಾರ ಎತ್ತಿ ಸ್ನಾಯು ಬೆಳೆಸಬೇಕೆನ್ನುವವರಿಗೆ ಕಿಲೋಗೆ 1.6 ಗ್ರಾಂ ಸುಮಾರಿನಷ್ಟು ಬೇಕೆಂದು ಕ್ರೀಡಾ ಪೋಷಣೆಯ ಅಧ್ಯಯನಗಳು ಹೇಳುತ್ತವೆ. ಅಂದರೆ ನನಗೆ 82 ಗ್ರಾಂ.

ಪುಡಿಯಿಲ್ಲದೆ ಇದನ್ನು ಮುಟ್ಟುವ ಬಗೆಯನ್ನು ಅಮ್ಮನೊಂದಿಗೆ ಅಡುಗೆಮನೆಯಲ್ಲಿ ಕುಳಿತು ನಿರ್ಧರಿಸಿದೆವು: ಮೂರು ಮೊಟ್ಟೆಗೆ 18 ಗ್ರಾಂ, ಅರ್ಧ ಲೀಟರ್ ಹಾಲಿಗೆ 16, ಐವತ್ತು ಗ್ರಾಂ ಹುರುಳಿಕಾಳಿಗೆ 11, ಒಂದು ಹಿಡಿ ಕಡಲೆಕಾಯಿಬೀಜಕ್ಕೆ 7, ಒಂದು ಬಟ್ಟಲು ಮೊಸರಿಗೆ 6, ಉಳಿದದ್ದು ಅನ್ನ, ಮುದ್ದೆ ಮತ್ತು ಬೇಳೆಯಿಂದ. ಹುರುಳಿಯನ್ನು ಒಂದು ದಿನ ಬಸ್ಸಾರು, ಮರುದಿನ ಮೊಳಕೆ ಕಟ್ಟಿ ಉಸಲಿ ಮಾಡುವುದೆಂದು ಅಮ್ಮ ತಾವೇ ವಾರದ ಪಟ್ಟಿ ಬರೆದು ಗೋಡೆಗೆ ಅಂಟಿಸಿದರು. "ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅಂತ ಸುಮ್ನೆ ಹೇಳಿದ್ದಾರೇನಪ್ಪಾ, ಇನ್ನೊಂದು ಮುದ್ದೆ ಹಾಕಿಸ್ಕೋ" ಎಂದು ಅವರು ಹೇಳುವಾಗ, ಇಷ್ಟು ವರ್ಷ ನನ್ನ ತಟ್ಟೆ ನೋಡಿ ಅವರು ನುಂಗಿಕೊಂಡ ಸಂಕಟ ನನಗೆ ಅರ್ಥವಾಯಿತು.

ವಾರ 8

ಸ್ಕ್ವಾಟ್ 37.5 ಕಿಲೋ, ದೇಹದ ತೂಕ 52.9. ಭಾರ ಹೆಚ್ಚುಕಡಿಮೆ ಇಮ್ಮಡಿಯಾಗಿದೆ, ತೋಳಿನ ಅಳತೆ ಮಾತ್ರ ಅರ್ಧ ಸೆಂಟಿಮೀಟರ್ ಏರಿದೆ. ಓದಿ ನೋಡಿದಾಗ ಕಾರಣ ತಿಳಿಯಿತು. ಆರಂಭದ ವಾರಗಳಲ್ಲಿ ಬಲ ಹೆಚ್ಚುವುದು ಬಹುಮಟ್ಟಿಗೆ ನರವ್ಯೂಹದಿಂದ: ಇರುವ ಸ್ನಾಯುತಂತುಗಳನ್ನೇ ಮಿದುಳು ಮೊದಲಿಗಿಂತ ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ಹೊಂದಾಣಿಕೆಯಿಂದ ದುಡಿಸಿಕೊಳ್ಳಲು ಕಲಿಯುತ್ತದೆ. ಸ್ನಾಯು ಕಣ್ಣಿಗೆ ಕಾಣುವಷ್ಟು ದಪ್ಪವಾಗುವುದು ಆಮೇಲೆ. ಕನ್ನಡಿಯನ್ನು ನಂಬಿದವರು ಎರಡನೆಯ ತಿಂಗಳಲ್ಲೇ ಬಿಟ್ಟುಹೋಗಲು ಇದೂ ಒಂದು ಕಾರಣವಿರಬೇಕು. ನೋಟ್‌ಪುಸ್ತಕ ಇಲ್ಲದಿದ್ದರೆ ನಾನೂ ಬಿಟ್ಟಿರುತ್ತಿದ್ದೆ.

ವಾರ 11

ಈ ವಾರದ ಬಗ್ಗೆ ವಿವರವಾಗಿ ಬರೆಯಬೇಕು, ಏಕೆಂದರೆ ಇಡೀ ವರ್ಷದಲ್ಲಿ ನನ್ನನ್ನು ಬದಲಿಸಿದ್ದು ಇದೇ.

ಸೋಮವಾರ 45 ಕಿಲೋ. ಎರಡನೆಯ ಸೆಟ್ಟಿನ ನಾಲ್ಕನೆಯ ಬಾರಿ ಕೆಳಗೆ ಹೋದವನು ಮೇಲೇಳಲಾಗಲಿಲ್ಲ. ರ‍್ಯಾಕಿನ ಅಡ್ಡಕಂಬಿಗಳನ್ನು, ಅಂದರೆ ಬಾರ್ ಇಡುವ ಚೌಕಟ್ಟಿನಲ್ಲಿ ಭಾರ ಜಾರಿದರೆ ತಡೆಯುವ ಕಂಬಿಗಳನ್ನು, ಸರಿಯಾದ ಎತ್ತರಕ್ಕೆ ಹಾಕಿಕೊಂಡಿರಲಿಲ್ಲ; ಹೇಗೆಂದು ಕೇಳಲು ನಾಚಿಕೆಯಾಗಿತ್ತು. ಮಂಡಿ ನಡುಗುತ್ತ, ಉಸಿರು ಕಟ್ಟಿ, ಬಾರ್ ಕತ್ತಿನ ಕಡೆಗೆ ಜಾರುತ್ತಿರುವಾಗ ಇಬ್ಬರು ಹುಡುಗರು ಓಡಿಬಂದು ಎತ್ತಿಕೊಂಡರು. ಅವರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ. ಯಾರೂ ನಗಲಿಲ್ಲ, "ಪರವಾಗಿಲ್ಲ ಸಾರ್" ಎಂದಷ್ಟೇ ಅವನು ಹೇಳಿದ. ಆದರೂ ನಾನು ಟವೆಲ್ ತೆಗೆದುಕೊಂಡು ಹೊರಟುಬಂದೆ. ಬುಧವಾರ ಹೋಗಲಿಲ್ಲ, ಶುಕ್ರವಾರವೂ ಹೋಗಲಿಲ್ಲ. ಆ ಎರಡು ದಿನಗಳ ಪುಟಗಳು ನೋಟ್‌ಪುಸ್ತಕದಲ್ಲಿ ಖಾಲಿ ಇವೆ.

ಶುಕ್ರವಾರ ಸಂಜೆ ತರಬೇತುದಾರರು ಫೋನ್ ಮಾಡಿದರು. "ಮೇಷ್ಟ್ರೇ, ನಾಳೆ ಬನ್ನಿ. ತೂಕ ಎತ್ತೋದು ಬೇಡ, ಬಿಡೋದು ಹೇಳಿಕೊಡ್ತೀನಿ" ಎಂದರು.

ಶನಿವಾರ ಅವರು ಅಡ್ಡಕಂಬಿಗಳನ್ನು, ನಾನು ಪೂರ್ತಿ ಕೆಳಗೆ ಕುಳಿತಾಗ ಬಾರ್ ಬರುವ ಮಟ್ಟಕ್ಕಿಂತ ಎರಡು ಬೆರಳು ಕೆಳಗೆ ಹಾಕಿದರು. ಬರಿಯ ಬಾರ್ ಹೊತ್ತು ಕೆಳಗೆ ಹೋಗಿ, ಬೇಕೆಂದೇ ಏಳದೆ, ಭಾರವನ್ನು ನಿಧಾನವಾಗಿ ಕಂಬಿಗಳ ಮೇಲೆ ಇಳಿಸಿ, ಮುಂದಕ್ಕೆ ಬಾಗಿ ಹೊರಬರಬೇಕು. ಮೊದಲ ಸಲ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದಿಗೇ ಬೆಚ್ಚಿದೆ. ಹತ್ತು ಸಲ ಮಾಡಿಸಿದರು. ಆಮೇಲೆ 30 ಕಿಲೋ, ಆಮೇಲೆ 40. ಇಪ್ಪತ್ತನೆಯ ಸಲದ ಹೊತ್ತಿಗೆ ಕೆಳಗೆ ಕುಳಿತಲ್ಲಿ ಉಸಿರು ಸಹಜವಾಗಿತ್ತು. ಭಾರ ಅಷ್ಟೇ ಇತ್ತು, ನನ್ನ ಬಲವೂ ಅಷ್ಟೇ. ಏಳಲಾಗದಿದ್ದರೆ ಏನು ಮಾಡಬೇಕೆಂಬುದು ಗೊತ್ತಾಗಿತ್ತು.

ಅಂದು ರಾತ್ರಿ ಬರೆದ ಸಾಲು ಇದು: "ಇಷ್ಟು ವರ್ಷ ನಾನು ಸೋಲದಂತೆ ಇರುವ ಬಗೆಯನ್ನೇ ಹುಡುಕುತ್ತಿದ್ದೆ. ಸೋತ ಮೇಲೆ ಹೊರಬರುವ ಬಗೆಯನ್ನು ಯಾರೂ ಕಲಿಸಿರಲಿಲ್ಲ, ನಾನೂ ಕೇಳಿರಲಿಲ್ಲ."

ವಾರ 14

ಭಾರವನ್ನು 40ಕ್ಕೆ ಇಳಿಸಿ ಮತ್ತೆ ಏರಿ ಬಂದು, ಅದೇ 45 ಕಿಲೋವನ್ನು ಮೂರೂ ಸೆಟ್ ಪೂರ್ತಿ ಎತ್ತಿದೆ.

ಇದೇ ವಾರ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ, ಲೋಹವಾಗಿದ್ದೂ ಪಾದರಸ ಮಾತ್ರ ಕೋಣೆಯ ತಾಪದಲ್ಲಿ ದ್ರವವಾಗಿರುವುದೇಕೆ ಎಂದು ಕೇಳಿದಳು. ಹಿಂದಿನ ನಾನಾಗಿದ್ದರೆ ‘ಅದು ನಿಮ್ಮ ಸಿಲಬಸ್ಸಿನಲ್ಲಿಲ್ಲ’ ಎಂದು ಬೋರ್ಡಿಗೆ ತಿರುಗುತ್ತಿದ್ದೆ. ಅಂದು ಎಂಬತ್ತು ಮುಖಗಳ ಕಡೆಗೇ ನೋಡುತ್ತ, "ಇದರ ಪೂರ್ತಿ ಉತ್ತರ ನನಗೆ ಗೊತ್ತಿಲ್ಲಮ್ಮಾ, ಓದಿಕೊಂಡು ಬಂದು ನಾಳೆ ಹೇಳುತ್ತೇನೆ" ಎಂದೆ. ಹೊಟ್ಟೆಯಲ್ಲಿ ಹಿಡಿತ ಬರಲಿಲ್ಲ. ಮರುದಿನ, ಪಾದರಸದ ಭಾರಿ ಬೀಜಕೇಂದ್ರದ ಸೆಳೆತಕ್ಕೆ ಸಿಕ್ಕ ಎಲೆಕ್ಟ್ರಾನುಗಳು ಅತಿವೇಗದಲ್ಲಿ ಚಲಿಸುವುದರಿಂದ ಹೊರಗಿನ ಕಕ್ಷಕ ಕುಗ್ಗಿ, ಪರಮಾಣುಗಳ ನಡುವಿನ ಬಂಧ ದುರ್ಬಲವಾಗುವುದನ್ನು ಇಪ್ಪತ್ತು ನಿಮಿಷ ವಿವರಿಸಿದೆ. ಹಿಂದಿನ ಬೆಂಚಿನಿಂದಲೂ ಮತ್ತೆರಡು ಪ್ರಶ್ನೆ ಬಂದವು. ಗೊತ್ತಿಲ್ಲವೆಂದು ಹೇಳಿದಾಗಲೂ ನಾನು ಮಾಡಿದ್ದು ಕಂಬಿಗಳ ಮೇಲೆ ಭಾರ ಇಳಿಸಿ ಹೊರಬಂದ ಕೆಲಸವನ್ನೇ ಎಂದು ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು.

ವಾರ 21

ತೂಕ 56.0. ಈ ಅಂಕಿಯ ಮೇಲೆ ನನಗೆ ವಿಶೇಷ ಪ್ರೀತಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರು ಬೆಳ್ಳಿ ಗೆದ್ದದ್ದು ಭಾರ ಎತ್ತುವ ಸ್ಪರ್ಧೆಯ 56 ಕಿಲೋ ವಿಭಾಗದಲ್ಲಿ. ಸ್ನ್ಯಾಚ್‌ನಲ್ಲಿ (ಒಂದೇ ಎತ್ತಿಗೆ ತಲೆಯ ಮೇಲಕ್ಕೆ) 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಮೊದಲು ಹೆಗಲಿಗೆ, ಆಮೇಲೆ ತಲೆಯ ಮೇಲಕ್ಕೆ) 138, ಒಟ್ಟು 249 ಕಿಲೋ. ನನ್ನಷ್ಟೇ ತೂಗುವ ಒಬ್ಬ ಮನುಷ್ಯ 138 ಕಿಲೋವನ್ನು ತಲೆಯ ಮೇಲೆ ಹಿಡಿದು ನಿಲ್ಲಬಲ್ಲನೆಂದ ಮೇಲೆ, ತೆಳ್ಳಗಿನ ದೇಹವೆಂದರೆ ಕೈಲಾಗದ ದೇಹವೆಂದು ನಾನು ಇಪ್ಪತ್ತು ವರ್ಷ ನಂಬಿದ್ದು ತಪ್ಪು. ನನ್ನ ಓವರ್‌ಹೆಡ್ ಪ್ರೆಸ್ ಈಗ 30 ಕಿಲೋ. ಅದನ್ನು ಸಂತೋಷದಿಂದಲೇ ಬರೆಯುತ್ತಿದ್ದೇನೆ.

ನಾಲ್ಕು ವಾರಕ್ಕೊಮ್ಮೆ ತೆಗೆಯುತ್ತಿದ್ದ ಫೋಟೋಗಳನ್ನು ಈ ತಿಂಗಳಿಂದ ನಿಲ್ಲಿಸಿದೆ. ಬೆಳಕು ಬದಲಾದರೆ ದೇಹವೂ ಬದಲಾದಂತೆ ಕಾಣುತ್ತದೆ, ಆ ದಿನದ ಮನಸ್ಸೂ ಅದರ ಹಿಂದೆಯೇ ಹೋಗುತ್ತದೆ. ಬಾರ್ ಮೇಲಿನ ಭಾರಕ್ಕೆ ಆ ಚಂಚಲತೆಯಿಲ್ಲ.

ವಾರ 27 ಮತ್ತು 28

ವಿಷಮಜ್ವರವಲ್ಲ, ಸಾಮಾನ್ಯ ವೈರಲ್ ಜ್ವರ. ಆದರೂ ಹನ್ನೊಂದು ದಿನ ಹಾಸಿಗೆ ಹಿಡಿದೆ. 57.8ಕ್ಕೆ ಬಂದಿದ್ದ ತೂಕ 55.9ಕ್ಕೆ ಇಳಿಯಿತು. ಮರಳಿ ಹೋದಾಗ 60 ಕಿಲೋ ಸ್ಕ್ವಾಟ್ ಬಿಟ್ಟು 45ರಿಂದ ಶುರುಮಾಡಿದೆ. ನಾಲ್ಕು ವಾರಗಳಲ್ಲಿ ಎಲ್ಲವೂ ಹಿಂದಿರುಗಿತು. ಒಮ್ಮೆ ಗಳಿಸಿದ ಬಲ ಎರಡನೆಯ ಸಲ ಬೇಗ ಬರುತ್ತದೆಂದು ತರಬೇತುದಾರರು ಹೇಳಿದ್ದು ನಿಜವಾಯಿತು.

ವಾರ 36

ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳನ್ನು ನಂದಿಯ ಬಳಿ ಮಾತ್ರ ನಿಂತು ಹತ್ತಿದೆ. ಹಿಂದೆ ಐದಾರು ಕಡೆ ಕುಳಿತುಕೊಳ್ಳುತ್ತಿದ್ದೆ. ಬಿಸಿಲಿತ್ತಾದ್ದರಿಂದ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ್ದೆ. ಮಡಚಿದ್ದೇನೆಂಬುದು ನೆನಪಾದದ್ದು ಕೆಳಗಿಳಿದ ಮೇಲೆ.

ವಾರ 43

ಸಂಬಂಧಿಕರ ಮದುವೆಯಲ್ಲಿ ಹಲವರು "ಚೆನ್ನಾಗಿ ಆಗಿದ್ದೀಯಪ್ಪಾ" ಎಂದರು. ಸಂತೋಷವಾಯಿತು, ಆದರೆ ಮರುದಿನಕ್ಕೆ ಉಳಿಯಲಿಲ್ಲ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ, ‘ಇದು ನನ್ನಿಂದಾಗುತ್ತದೆ’ ಎಂಬ ನಂಬಿಕೆಗೆ ನಾಲ್ಕು ಮೂಲಗಳನ್ನು ಗುರುತಿಸಿದ್ದರು: ಸ್ವತಃ ಮಾಡಿ ಸಾಧಿಸಿದ ಅನುಭವ, ನಮ್ಮಂಥವರು ಸಾಧಿಸುವುದನ್ನು ನೋಡುವುದು, ಇತರರ ಪ್ರೋತ್ಸಾಹದ ಮಾತು, ನಮ್ಮದೇ ದೇಹ ಮತ್ತು ಮನಸ್ಸಿನ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಅತಿ ಪ್ರಬಲವೆಂದು ಅವರ ಅಭಿಪ್ರಾಯ. ಪುಟ ತಿರುವಿ ನೋಡಿದರೆ ನನ್ನ ಅನುಭವ ಅದಕ್ಕೆ ಹೊಂದುತ್ತದೆ. ಗುರುರಾಜರ 249 ನನ್ನನ್ನು ಒಂದು ವಾರ ಹುರುಪಿನಲ್ಲಿಟ್ಟಿತು, ಮದುವೆಮನೆಯ ಮಾತು ಒಂದು ದಿನ. ಹನ್ನೊಂದನೆಯ ವಾರದ ಶನಿವಾರ ಇಂದಿಗೂ ನನ್ನ ಜೊತೆಗಿದೆ.

ವಾರ 52

ದೇಹದ ತೂಕ 61.3 ಕಿಲೋ, ಸೂಚ್ಯಂಕ 20.7. ತೋಳು 30 ಸೆಂಟಿಮೀಟರ್. ಸೊಂಟ 70ರಿಂದ 76ಕ್ಕೆ ಬಂದಿದೆ. ಹೆಚ್ಚಿದ ತೂಕವೆಲ್ಲ ಸ್ನಾಯುವಲ್ಲ ಎಂಬುದಕ್ಕೆ ಅದೇ ಸಾಕ್ಷಿ, ಅದರ ಬಗ್ಗೆ ನನಗೆ ಬೇಸರವಿಲ್ಲ. ಸ್ಕ್ವಾಟ್ 80, ಡೆಡ್‌ಲಿಫ್ಟ್ 100, ಬೆಂಚ್ 52.5, ಓವರ್‌ಹೆಡ್ ಪ್ರೆಸ್ 37.5. ತಪ್ಪಿದ ದಿನಗಳು, ಜ್ವರದವೂ ಸೇರಿ, ಒಟ್ಟು ಹದಿನಾಲ್ಕು. ಸ್ಕ್ವಾಟ್‌ನಲ್ಲಿ ಏಳಲಾಗದೆ ಭಾರವನ್ನು ಕಂಬಿಗಳ ಮೇಲೆ ಇಳಿಸಿದ್ದು ಒಂಬತ್ತು ಬಾರಿ. ಆ ಒಂಬತ್ತನ್ನೂ ಕೆಂಪು ಶಾಯಿಯಲ್ಲಿ ಗುರುತಿಸಿದ್ದೇನೆ.

ಕಳೆದ ಬುಧವಾರ ಹದಿನೆಂಟು ಹತ್ತೊಂಬತ್ತರ ಒಬ್ಬ ಹುಡುಗ ಹೊಸದಾಗಿ ಸೇರಿದ. ನನ್ನ ಮೊದಲ ವಾರದ ದೇಹವೇ ಅವನದು, ಅದೇ ತುಂಬುತೋಳಿನ ಅಂಗಿ. ತರಬೇತುದಾರರು ಬೇರೆಯವರೊಂದಿಗಿದ್ದುದರಿಂದ ಅವನು ರ‍್ಯಾಕಿನ ಮುಂದೆ ಸುಮ್ಮನೆ ನಿಂತಿದ್ದ. ನಾನು ಹೋಗಿ ಅಡ್ಡಕಂಬಿಗಳನ್ನು ಅವನ ಎತ್ತರಕ್ಕೆ ಹೊಂದಿಸಿ, "ಮೊದಲು ಬಾರ್ ಹೇಗೆ ಬಿಡೋದು ಅಂತ ನೋಡೋಣ್ವಾ?" ಎಂದು ಕೇಳಿದೆ. ಅವನು ತಲೆಯಾಡಿಸಿದ. ಐದು ಸಲ ಮಾಡಿದ. ಐದನೆಯ ಸಲ ಕಬ್ಬಿಣದ ಸದ್ದಿಗೆ ಬೆಚ್ಚಲಿಲ್ಲ.

ಮುಂದಿನ ಸೋಮವಾರ ನನಗೆ 82.5 ಕಿಲೋ.