ಒಳ್ಳೆಯ ಕೆಲಸಕ್ಕೂ ನಿಮ್ಮದು ಅನುಮಾನವೇ?

ಆರೋಗ್ಯದ ವಿಷಯ ಬರೆಯುವವಳಾದ್ದರಿಂದ ಮದುವೆಯೂಟದ ಪಂಕ್ತಿಯಲ್ಲಿ ಕೂತರೂ ಈ ಪ್ರಶ್ನೆ ತಪ್ಪುವುದಿಲ್ಲ: "ರೋಗಕ್ಕೆ ಮದ್ದು ಹುಡುಕಲು ಸರ್ಕಾರ ಸಂಸ್ಥೆ ಕಟ್ಟುತ್ತದೆ ಎಂದರೂ ನಿಮಗೆ ಅನುಮಾನವೇ?" ಹೌದು, ಅನುಮಾನವೇ. ಅದನ್ನು ನನಗೆ ಕಲಿಸಿದ್ದು ಅಮೆರಿಕದ ಹಾರ್ಪಾ.

ಹಾರ್ಪಾ ಎಂಬುದು ರೋಗಗಳಿಗೆ ಮದ್ದು ಹುಡುಕಲೆಂದು ಯೋಚಿಸಿದ, ಆದರೆ ಆ ಹೆಸರಿನಲ್ಲಿ ಹುಟ್ಟಲೇ ಇಲ್ಲದ ಸರ್ಕಾರಿ ಸಂಸ್ಥೆ. ಎನ್‌ಬಿಸಿ ಟಿವಿ ಜಾಲದ ಮುಖ್ಯಸ್ಥರಾಗಿದ್ದ ಬಾಬ್ ರೈಟ್ ಅವರ ಪತ್ನಿ ಸುಝಾನ್ 2016ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ ತೀರಿಕೊಂಡರು. ಸುಳಿವು ಸಿಗುವ ಹೊತ್ತಿಗೆ ಬಹುಪಾಲು ಕೈಮೀರಿರುವ ರೋಗ ಅದು. ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಹಾರಿದ ಮರುವರ್ಷ, 1958ರಲ್ಲಿ, ಅಮೆರಿಕದ ರಕ್ಷಣಾ ಇಲಾಖೆ ಕಟ್ಟಿದ ಡಾರ್ಪಾ ಎಂಬ ಸಂಶೋಧನಾ ಸಂಸ್ಥೆ ಇಂದಿನ ಇಂಟರ್‌ನೆಟ್‌ಗೆ ತಳಪಾಯ ಹಾಕಿತ್ತು. ರೋಗಗಳಿಗೂ ಅಂಥದ್ದೊಂದು ಬೇಕೆಂದು ಸುಝಾನ್ ಹೆಸರಿನ ಪ್ರತಿಷ್ಠಾನ ಸರ್ಕಾರದ ಬೆನ್ನು ಬಿದ್ದಿತು. ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಹೆಂಡತಿಯನ್ನು ಕಳೆದುಕೊಂಡವರ ಉದ್ದೇಶವನ್ನು ಶಂಕಿಸುವಷ್ಟು ಕಲ್ಲೆದೆ ನನ್ನದಲ್ಲ.

2019ರ ಆಗಸ್ಟ್ ಮೊದಲ ವಾರ ಅಮೆರಿಕದ ಎಲ್ ಪಾಸೋ, ಡೇಟನ್ ಊರುಗಳಲ್ಲಿ ದಿನವೊಂದರೊಳಗೆ ಎರಡು ಗುಂಡಿನ ದಾಳಿಗಳಾದವು. ಬಂದೂಕಿನ ಕಾನೂನು ಮುಟ್ಟಲು ಟ್ರಂಪ್ ಆಡಳಿತಕ್ಕೆ ಮನಸ್ಸಿರಲಿಲ್ಲ. ಅದೇ ತಿಂಗಳು ಹಾರ್ಪಾದ ಬೆಂಬಲಿಗರು ಶ್ವೇತಭವನದ ಮುಂದೆ 'ಸೇಫ್ ಹೋಮ್' ಎಂಬ ಯೋಜನೆ ಇಟ್ಟಿದ್ದಾರೆಂದು ವಾಷಿಂಗ್ಟನ್ ಪೋಸ್ಟ್ ವರದಿ ಮಾಡಿತು. ಫೋನ್, ಕೈಗಡಿಯಾರ, ಮನೆಮಾತು ಕೇಳಿಸಿಕೊಳ್ಳುವ ಸ್ಪೀಕರ್, ಇವುಗಳ ದತ್ತಾಂಶದಿಂದ ಮನೋರೋಗಿಗಳಲ್ಲಿ ಹಿಂಸೆಯ ಮುನ್ಸೂಚನೆ ಹಿಡಿಯಬಹುದೇ ಎಂಬ ಅಧ್ಯಯನ. ಒಪ್ಪಿದವರ ಮೇಲೆ ಮಾತ್ರ ಎಂಬ ಭರವಸೆಯೂ ಇತ್ತು. ಕ್ಯಾನ್ಸರಿಗೆಂದು ತೋಡಲು ಹೊರಟ ಬಾವಿಗೆ, ನೀರು ಕಾಣುವ ಮೊದಲೇ ಬೇರೆ ಕೊಡ ಇಳಿದಿತ್ತು.

ನಮ್ಮ ಜಯನಗರದ ಪಕ್ಕದ ಮನೆಯ ರಾಯರಿಗೆ ನ್ಯೂಜೆರ್ಸಿಯ ಮಗ ಇಂಥದೇ ಗಡಿಯಾರ ಕೊಡಿಸಿದ್ದಾನೆ. ಮೊನ್ನೆ ಸೌತ್ ಎಂಡ್ ಸರ್ಕಲ್‌ನಲ್ಲಿ ಆಟೋದವನು ಮೀಟರಿನ ಮೇಲೆ ಐವತ್ತು ಕೇಳಿದ. ಜಗಳ ಕಾವೇರುತ್ತಿದ್ದಂತೆ ರಾಯರ ಮಣಿಕಟ್ಟು ಗುಂಯ್‌ಗುಟ್ಟಿ, "ದೀರ್ಘವಾಗಿ ಉಸಿರಾಡಿ" ಎಂದು ಬುದ್ಧಿ ಹೇಳಿತು. ನಾಡಿ 118. ಇದು ಕೊಲೆಗಾರನ ನಾಡಿಯೋ, ಐವತ್ತು ರೂಪಾಯಿಯ ನಾಡಿಯೋ? ಲೆಕ್ಕ ಹಾಕಿ ನೋಡಿ. ಲಕ್ಷಕ್ಕೊಬ್ಬ ಕೊಲೆಗಡುಕ ಎನ್ನೋಣ, ಯಂತ್ರ ನೂರಕ್ಕೆ 99 ಸಲ ಸರಿ ಎನ್ನೋಣ. 10 ಲಕ್ಷ ಜನರಲ್ಲಿ ಸಿಗುವ ನಿಜವಾದ ಅಪಾಯಕಾರಿಗಳು ಹತ್ತು ಮಂದಿ. ಅವರ ಜೊತೆ ಪಟ್ಟಿ ಸೇರುವ ಅಮಾಯಕರು ಸುಮಾರು 10 ಸಾವಿರ. ಅಷ್ಟು ಕರಾರುವಾಕ್ಕಾದ ಯಂತ್ರ ಯಾರ ಬಳಿಯೂ ಇಲ್ಲ, ಅದು ಬೇರೆ ಮಾತು.

ಮನೋರೋಗಿಗಳು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ತುತ್ತಾಗುವುದೇ ಹೆಚ್ಚು. ನಿಮ್ಹಾನ್ಸ್ ಹೆಸರನ್ನೇ ಬೈಗುಳ ಮಾಡಿಕೊಂಡಿರುವ ಊರು ನಮ್ಮದು. ಅಲ್ಲಿಗೆ ಹೋಗಿ ಬಂದವರು "ಡೇರಿ ಸರ್ಕಲ್ ಕಡೆ ಕೆಲಸವಿತ್ತು" ಎನ್ನುತ್ತಾರೆ. ಗಡಿಯಾರ ಚಾಡಿ ಹೇಳುತ್ತದೆ ಎಂದು ಗೊತ್ತಾದರೆ ಅವರು ಆ ಗೇಟಿನೊಳಗೆ ಕಾಲಿಡುವುದೂ ಇಲ್ಲ.

ಸೇಫ್ ಹೋಮ್ ಮುಂದೆ ಸಾಗಲಿಲ್ಲ. 2022ರ ಮಾರ್ಚ್‌ನಲ್ಲಿ ಬೈಡನ್ ಕಾಲದಲ್ಲಿ, 100 ಕೋಟಿ ಡಾಲರ್ ಆರಂಭಿಕ ಅನುದಾನದೊಂದಿಗೆ, ಆರ್ಪಾ-ಎಚ್ ಎಂಬ ಹೆಸರಿನಲ್ಲಿ ಸಂಸ್ಥೆ ಬಂತು. ಅದು ಕ್ಯಾನ್ಸರಿಗೆ ದಾರಿ ಕಂಡರೆ ಮೊದಲು ಚಪ್ಪಾಳೆ ತಟ್ಟುವವಳು ನಾನೇ.

"ಅಲ್ಲಿಯದನ್ನು ಇಲ್ಲಿಗೇಕೆ ತರುತ್ತೀರಿ?" ಎಂದೂ ಕೇಳುತ್ತಾರೆ. ಖಾಸಗಿತನದ ಪ್ರಶ್ನೆ ಇಲ್ಲಿಯದೂ ಹೌದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ಬೆಂಗಳೂರಿನಲ್ಲೇ ನೆಲೆಸಿದ್ದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ. ಆಧಾರ್ ಬಗ್ಗೆ ಅವರು ಕೋರ್ಟಿನ ಮೆಟ್ಟಿಲು ಹತ್ತಿದಾಗ ವಯಸ್ಸು ಎಂಬತ್ತು ದಾಟಿತ್ತು.

ಇದನ್ನೆಲ್ಲ ರಾಯರಿಗೆ ಹೇಳಿದೆ. ಕಾಫಿ ಲೋಟ ಕೆಳಗಿಟ್ಟು, ಮಣಿಕಟ್ಟನ್ನು ತಿರುಗಿಸಿ ನೋಡಿಕೊಂಡು ಕೇಳಿದರು: "ಹಾಗಾದರೆ ಆಟೋ ಜಗಳ ಮಗನಿಗೆ ಗೊತ್ತಾಗಿರುತ್ತದೆಯೇನಮ್ಮಾ?"