ಟ್ಯುಲಿಪ್ ಅಲ್ಲ, ಅರಿಶಿನದ ಬೇರು

ಚೀನಾದ ಗುವಾಂಗ್‌ಝೌಗೆ ಹೋಗಿದ್ದು ಟೈಲ್ಸ್ ವ್ಯಾಪಾರಕ್ಕೆ. ಐದು ದಿನದಲ್ಲಿ ನಾಲ್ಕು ಅದರಲ್ಲೇ ಕಳೆದವು. ಉಳಿದ ಒಂದು ಮಧ್ಯಾಹ್ನ ಶಾಮಿಯಾನ್ ದ್ವೀಪದ ಎದುರಿಗಿರುವ ಚಿಂಗ್‌ಪಿಂಗ್ ಮಾರುಕಟ್ಟೆಗೆ ನುಗ್ಗಿದೆ. ನಾಟಿ ಔಷಧಿಯ ಅಂಗಡಿಗಳು ಸಾಲುಸಾಲು. ಒಣಗಿಸಿದ ಕಡಲಕುದುರೆಗಳನ್ನು ಕಂಡು ಮುಖ ತಿರುಗಿಸಿದೆ.

ಒಂದು ಅಂಗಡಿಯಲ್ಲಿ ಅರಿಶಿನದ ಮೂಟೆ ಕಂಡಿತು. ಪಕ್ಕದಲ್ಲೇ ಬೂದು ಬಣ್ಣದ, ಸುಕ್ಕುಗಟ್ಟಿದ ಪುಟ್ಟ ಗಡ್ಡೆಗಳು, ಹೆಚ್ಚುಕಮ್ಮಿ ಉತ್ತುತ್ತೆಯ ಹಾಗೆ. ಹೆಸರು 'ಯೂಚಿನ್'. ಫೋನಿನ ಅನುವಾದ 'ಟ್ಯುಲಿಪ್' ಎಂದಿತು. ಹೆಂಡತಿ ಕುಂಡದಲ್ಲಿ ನೆಡಲಿ ಎಂದು ಕಾಲು ಕೆಜಿ ಕಟ್ಟಿಸಿಯೂಬಿಟ್ಟೆ!

ಅಂಗಡಿಯಮ್ಮನ ಮಗಳಿಗೆ ಇಂಗ್ಲಿಷ್ ಬರುತ್ತಿತ್ತು. ಬಿದ್ದೂ ಬಿದ್ದೂ ನಕ್ಕಳು. ಚೀನೀ ಭಾಷೆಯಲ್ಲಿ ಟ್ಯುಲಿಪ್‌ನ ಹೆಸರು ಇದಕ್ಕೇ ಒಂದು ಅಕ್ಷರ ಸೇರಿಸಿದ್ದಂತೆ. ಬೇಯಿಸಿ ಒಣಗಿಸಿದ ಗಡ್ಡೆ ಎಲ್ಲಿ ಚಿಗುರುತ್ತೆ? ಅಲ್ಲಿ ಏನಾದರೂ ಕೊಳ್ಳುವ ಮೊದಲು ಫೋನನ್ನು ನಂಬಬೇಡಿ, ಮನುಷ್ಯರನ್ನು ಕೇಳಿ.

ಅಮ್ಮ ಒಂದು ಗಡ್ಡೆ ಜಜ್ಜಿ ತೋರಿಸಿದರು. ಒಳಗೆ ದನದ ಕೊಂಬಿನಂಥ ಹೊಳಪು, ಕಂದು ಹಳದಿ. ಘಮ ಇಲ್ಲವೇ ಇಲ್ಲ ಅನ್ನಬಹುದು. ಇದೂ ಅರಿಶಿನ ಗಿಡದ್ದೇ, ಬೇರಿನ ತುದಿಯಲ್ಲಿ ಊದಿಕೊಳ್ಳುವ ಗಂಟು ಎಂದಳು ಮಗಳು. ನಾವು ಸಾರಿಗೆ ಹಾಕುವ ಗಡ್ಡೆ ಅವರಿಗೆ 'ಚಿಯಾಂಗ್‌ಹುವಾಂಗ್', ಉಷ್ಣ. ಭುಜ, ತೋಳು ನೋವಿಗೆ ಕೊಡುತ್ತಾರೆ. ಯೂಚಿನ್ ಮಾತ್ರ ತಂಪು. ಪಕ್ಕೆ ನೋವು, ಕಾಮಾಲೆ, ಮನಸ್ಸಿನ ತಳಮಳಕ್ಕೆ. ಇದೇ ಬಳಗದ ಇನ್ನೊಂದು ಗಡ್ಡೆ 'ಎಝು'. ಅದನ್ನು ವಿನೆಗರ್‌ನಲ್ಲಿ ಬೇಯಿಸಿಯೂ ಬಳಸುತ್ತಾರೆ, ಬಸುರಿಯರಿಗೆ ಕೊಡುವುದಿಲ್ಲ.

ಒಂದೇ ಗಿಡ, ಒಂದು ಕಡೆ ಉಷ್ಣ, ಇನ್ನೊಂದು ಕಡೆ ತಂಪು! ನಮ್ಮ ಮನೆಯಲ್ಲಿ ಅರಿಶಿನ ಅಂದ್ರೆ ಉಷ್ಣ, ಮಾತು ಮುಗೀತು. ಗುಂಡ್ಲುಪೇಟೆ ಹತ್ತಿರದ ಅಜ್ಜಿಯ ಹೊಲದಲ್ಲಿ ಅರಿಶಿನ ಕಿತ್ತಾಗ ಬೇರನ್ನೆಲ್ಲ ಅಲ್ಲೇ ಬಿಡುತ್ತಿದ್ದೆವು. ಹಾಗೆಂದಾಗ ಅಮ್ಮ ಮಗಳನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

"ಬಿಸಾಡ್ತೀರಾ?"

"ಹೂಂ."

ತಲೆಯಾಡಿಸಿ ಸುಮ್ಮನಾದರು.

ಅಷ್ಟರಲ್ಲಿ ಅಭ್ಯಾಸಬಲ, ಜೇಬಿನಿಂದ ಲವಂಗ ತೆಗೆದು ಬಾಯಿಗೆ ಹಾಕಿಕೊಂಡೆ. ಅಮ್ಮ ಸರ್ರನೆ ಪೊಟ್ಟಣ ಎಳೆದುಕೊಂಡರು. ಜೊತೆ ಸೇರಿಸಬಾರದ ಮದ್ದುಗಳ ಹಳೆಯ ಪಟ್ಟಿ ಒಂದಿದೆ, 'ಹತ್ತೊಂಬತ್ತು ಭಯಗಳು' ಅಂತ. ಅದರಲ್ಲಿ ಲವಂಗ, ಯೂಚಿನ್ ಒಂದು ಜೋಡಿ.

"ಉಗುಳಿ ಬಂದರೆ ಕೊಡ್ತಾರಂತೆ" ಎಂದಳು ಮಗಳು.