ನನ್ನ ಕಂಪ್ಯೂಟರಿಗೆ ಮೆದು ಟ್ಯೂಬೇ ಇರಲಿ

ನೀರು ಹರಿಸಿ ಕಂಪ್ಯೂಟರ್ ತಂಪು ಮಾಡುವವರು ಆ ನೀರಿಗೆ ಗಟ್ಟಿ ಟ್ಯೂಬ್ ಇಲ್ಲವೇ ಮೆದು ಟ್ಯೂಬ್ ಹಾಕುತ್ತಾರೆ. ಗಟ್ಟಿ ಟ್ಯೂಬ್ ಹಾಕಿದ ಕಂಪ್ಯೂಟರ್ ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಂಪು ಮಾಡುವ ವಿಷಯಕ್ಕೆ ಬಂದರೆ ಎರಡಕ್ಕೂ ವ್ಯತ್ಯಾಸ ಇಲ್ಲವೆಂದೇ ಹೇಳಬಹುದು. ಶಾಖ ಹೊರಹಾಕುವುದು ರೇಡಿಯೇಟರ್, ಟ್ಯೂಬ್ ಅಲ್ಲ.

ನಾನು ಆಗಾಗ ಗ್ರಾಫಿಕ್ಸ್ ಕಾರ್ಡ್ ಬಿಚ್ಚುವವನು. ಮೆದು ಟ್ಯೂಬಾದರೆ ಸ್ವಲ್ಪ ಉದ್ದ ಬಿಟ್ಟಿರುತ್ತೇನೆ, ಕಾರ್ಡ್ ಪಕ್ಕಕ್ಕೆ ಸರಿಸಿ ಕೆಲಸ ಮುಗಿಸುತ್ತೇನೆ. ಗಟ್ಟಿ ಟ್ಯೂಬಿನಲ್ಲಿ ಹಾಗಲ್ಲ. ಹೊಸ ಕಾರ್ಡಿನಲ್ಲಿ ಟ್ಯೂಬ್ ಸೇರುವ ಪೋರ್ಟ್ ಅರ್ಧ ಇಂಚು ಆಚೀಚೆ ಇದ್ದರೂ ಮತ್ತೆ ಅಳತೆ, ಮತ್ತೆ ಹೀಟ್ ಗನ್, ಒಳಗೆ ಸಿಲಿಕೋನ್ ಹುರಿ ತೂರಿಸಿ ಮತ್ತೆ ಬಗ್ಗಿಸಬೇಕು. ಕತ್ತರಿಸಿದ ತುದಿಯ ಅಂಚನ್ನು ಉಜ್ಜಿ ನಯ ಮಾಡಲೇಬೇಕು, ಇಲ್ಲದಿದ್ದರೆ ಫಿಟ್ಟಿಂಗಿನ ಓ-ರಿಂಗ್ (ರಬ್ಬರ್ ಬಳೆ) ಹರಿದು ನೀರು ಸೋರಬಹುದು.

ಗಟ್ಟಿಯೇ ಬೇಕು ಅನ್ನುವವರು ಅಕ್ರಿಲಿಕ್ ನೋಡಿ. ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್ ಬಗ್ಗಿಸಲು ಸುಲಭ, ಆದರೆ ನೀರು ಜಾಸ್ತಿ ಬಿಸಿಯಾದರೆ ಅಕ್ರಿಲಿಕ್‌ಗಿಂತ ಬೇಗ ಮೆದುವಾಗುತ್ತದೆ. ನೀರು ತಳ್ಳುವ ಪಂಪ್ ನಿಂತು ನೀರು ಕಾದ ದಿನ ಇದು ದೊಡ್ಡ ವಿಷಯ, ಅಲ್ವಾ?

ಮೆದು ಟ್ಯೂಬಿನಲ್ಲೂ ಪಾರದರ್ಶಕ ಪಿವಿಸಿ ನನಗೆ ಬೇಡ. ಅದನ್ನು ಮೆದುವಾಗಿಸಲು ಸೇರಿಸಿದ ಪ್ಲಾಸ್ಟಿಸೈಜರ್ ನಿಧಾನವಾಗಿ ನೀರಿಗೆ ಬಿಟ್ಟುಕೊಂಡು ಚಿಪ್‌ನ ಶಾಖ ಹೀರುವ ಬ್ಲಾಕಿನ ಸಣ್ಣ ಸಂದುಗಳಲ್ಲಿ ಅಂಟುತ್ತದೆ, ಟ್ಯೂಬೂ ಮಬ್ಬಾಗುತ್ತದೆ. ಕಪ್ಪು ಇಪಿಡಿಎಂ ರಬ್ಬರಿನಲ್ಲಿ ಆ ಕಾಟ ಇಲ್ಲ. ಒಳಗಿನ ಬಣ್ಣದ ನೀರು ಕಾಣುವುದಿಲ್ಲ, ಅಷ್ಟೇ. ಒಳಗೆ 10, ಹೊರಗೆ 16 ಮಿಲಿಮೀಟರಿನ ದಪ್ಪ ಟ್ಯೂಬ್ ತೆಗೆದುಕೊಳ್ಳಿ, ತಿರುವಿನಲ್ಲಿ ಸುಲಭಕ್ಕೆ ಮಡಚಿಕೊಳ್ಳುವುದಿಲ್ಲ.